ಸೋತವರ ತೂಕ

ಕೂಡಲಹಟ್ಟಿಯಲ್ಲಿ ಸೋತವರ ಮತ ಮರುವರ್ಷ ಭಾರವಾಗುತ್ತಿತ್ತು. ಈ ವರ್ಷ ನೀವು ಕೇಳಿದ ಕೆಲಸ ಆಗಲಿಲ್ಲವೆಂದರೆ ಬರುವ ವರ್ಷ ನಿಮ್ಮ ಮತ ಎರಡಾಗಿ ತೂಗುತ್ತಿತ್ತು. ಆಗಲೂ ಸೋತರೆ ಮೂರು. ಗೆದ್ದರೆ ಮಾತ್ರ ಮತ್ತೆ ಒಂದಕ್ಕೆ ಇಳಿಯುತ್ತಿತ್ತು. ನಿಯಮ ಇಷ್ಟೇ. ಅದನ್ನು ನಡೆಸುವ ಯಂತ್ರ ಪಂಚಾಯಿತಿ ಕಟ್ಟಡದ ಹಿಂದಿನ ಕೋಣೆಯಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವಳು ದಾನೇಶ್ವರಿ.

ಅಣೆಕಟ್ಟೆಯ ಎತ್ತರ ಎರಡನೆಯ ಸಲ ಏರಿದಾಗ ಮುಳುಗಿದ ಮೂರು ಹಳ್ಳಿಗಳನ್ನು ಸೇರಿಸಿ ಕಟ್ಟಿದ ಊರು ಅದು. ಮತದಾರರು ಒಟ್ಟು ಆರುನೂರ ನಲವತ್ತು ಜನ. ಅವರಲ್ಲಿ ಹೆಚ್ಚಿನವರು ಎರಡು ದೊಡ್ಡ ಹಳ್ಳಿಗಳ ಒಕ್ಕಲುಗಳು. ಮೂರನೆಯದು ಹೊಳೆಯಂಚಿನ ತೆಪ್ಪದಾಳ, ಅಂಬಿಗರ ಹದಿನಾಲ್ಕು ಮನೆ, ಮತ ಅರವತ್ತಮೂರು. ಒಕ್ಕಲುಗಳಿಗೆ ಬದಲಿ ಹೊಲ ಊರಿನ ಪಕ್ಕದಲ್ಲೇ ಸಿಕ್ಕಿತು. ಅಂಬಿಗರ ಕಸುಬು ಮಾತ್ರ ನಾಲ್ಕು ಕಿಲೋಮೀಟರ್ ಕೆಳಗೆ, ಬಂಡೆಗಳ ಆಚೆ, ಹಿನ್ನೀರಿನಲ್ಲಿ ಉಳಿಯಿತು. ಅಲ್ಲಿಗೆ ದಾರಿ ಇರಲಿಲ್ಲ.

ಪ್ರತಿ ಜನವರಿಯಲ್ಲಿ ಊರಿಗೆ ಒಂದು ದೊಡ್ಡ ಕೆಲಸ ಮಂಜೂರಾಗುತ್ತಿತ್ತು, ಯಾವುದೆಂದು ಊರವರೇ ಆರಿಸಬೇಕು. ಮೊದಲ ಎರಡು ವರ್ಷ ಕೈ ಎತ್ತಿ ಆರಿಸಿದರು. ಅಂಬಿಗರು ಹೊಳೆದಾರಿ ಕೇಳಿದರು. ಅರವತ್ತಮೂರು ಕೈ ಮೇಲೆದ್ದವು, ಅಷ್ಟಕ್ಕೇ ನಿಂತವು. ಮೂರನೆಯ ವರ್ಷದ ಸಭೆಗೆ ಅವರು ಬರಲೇ ಇಲ್ಲ.

ಅದನ್ನು ಗಮನಿಸಿದವರು ನದಾಫ್ ಸರ್. ಧಾರವಾಡದ ಕಡೆಯ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರು, ಪುನರ್ವಸತಿ ಊರುಗಳ ಅಧ್ಯಯನಕ್ಕೆ ಬಂದಿದ್ದರು. ದಾನೇಶ್ವರಿ ಆಗ ಪಂಚಾಯಿತಿಯ ಲೆಕ್ಕದ ಗುಮಾಸ್ತೆ. ಸಂಖ್ಯಾಶಾಸ್ತ್ರದಲ್ಲೇ ಪದವಿ ಮಾಡಿದವಳು ಎಂದು ಗೊತ್ತಾದ ಮೇಲೆ ಅವರು ಅವಳನ್ನು ಬಿಡಲಿಲ್ಲ.

"ನಮ್ಮನ್ಯಾಗ ಏಳು ಮಂದಿ," ಎಂದು ಒಂದು ದಿನ ಚಹಾ ಕುಡಿಯುತ್ತ ಹೇಳಿದರು. "ಐತವಾರ ಏನ್ ಅಡಿಗಿ ಅಂತ ಎಲ್ಲಾರನ್ನೂ ಕೇಳತಿದ್ವಿ. ಆರು ಮಂದಿ ಮಟನ್ ಅಂತಿದ್ರು, ನಮ್ಮವ್ವ ಒಬ್ಬಾಕಿ ಮೀನ ಅಂತಿದ್ಲು. ಒಂದು ವರ್ಷ ಆದಮ್ಯಾಲೆ ನೋಡಿದ್ರ, ಬರೋಬ್ಬರಿ ಐವತ್ತೆರಡು ಐತವಾರ ಮಟನ್ ತಿಂದಿವಿ. ಮುದುಕಿಗೆ ಒಂದ್ ದಿನಾನೂ ಮೀನ ಸಿಕ್ಕಿಲ್ಲ. ಒಂದೊಂದು ಐತವಾರ ಹಿಡದ್ ನೋಡಿದ್ರ ನ್ಯಾಯಾನ ಐತಿ. ವರ್ಷಾ ಹಿಡದ್ ನೋಡಿದ್ರ ಅನ್ಯಾಯ."

"ಹಂಗಾದ್ರ ಬಹುಮತ ತಪ್ಪು ಅಂತೀರೇನ್ರಿ ಸರ್?"

"ತಪ್ಪಲ್ಲವಾ. ಅದಕ್ಕ ನೆನಪಿಲ್ಲ, ಅಷ್ಟ. ನಾವು ನೆನಪು ಹಾಕೋಣು."

ಹೀಗೆ ತೂಕಪೆಟ್ಟಿಗೆ ಬಂತು. ಗಾಜಿನ ಮೇಲೆ ಹೆಬ್ಬೆರಳು ಇಟ್ಟರೆ ಅದು ಬೆರಳಿನ ಗೆರೆಯನ್ನು ಒಂದು ಉದ್ದನೆಯ ಸಂಖ್ಯೆಯಾಗಿಸುತ್ತಿತ್ತು. ಆ ಸಂಖ್ಯೆಯಿಂದ ಬೆರಳನ್ನಾಗಲಿ ಹೆಸರನ್ನಾಗಲಿ ತಿರುಗಿ ಹುಡುಕಲು ಯಾರಿಂದಲೂ ಆಗದು, ದಾನೇಶ್ವರಿಯಿಂದಲೂ. ಸಂಖ್ಯೆಯ ಎದುರು ಪೆಟ್ಟಿಗೆ ನೆನಪಿಡುತ್ತಿದ್ದದ್ದು ತೂಕವನ್ನು ಮಾತ್ರ. ಫಲಿತಾಂಶದ ಮರುದಿನ ಮತ್ತೆ ಬಂದು ಬೆರಳಿಟ್ಟರೆ ಒಂದು ಚೀಟಿ ಬರುತ್ತಿತ್ತು, ಅದರಲ್ಲಿ ಅವರವರ ಹೊಸ ತೂಕ. ಕೋಣೆಯ ಪರದೆಯ ಮೇಲೆ ಊರೆಲ್ಲ ಚುಕ್ಕಿಗಳಾಗಿ ಕಾಣುತ್ತಿತ್ತು. ಹಗುರದವು ಕೆಳಗೆ, ಭಾರದವು ಮೇಲೆ. ಐದು ವರ್ಷ ಕಳೆಯುವಷ್ಟರಲ್ಲಿ ಸುಮಾರು ಅರವತ್ತು ಚುಕ್ಕಿಗಳು ಉಳಿದವನ್ನೆಲ್ಲ ಕೆಳಗೆ ಬಿಟ್ಟು ಮೇಲೆ ಒತ್ತಾಗಿ ನಿಂತಿದ್ದವು. ಹೆಸರಿಲ್ಲದಿದ್ದರೇನು, ಅವು ಯಾರ ಮನೆಯವು ಎಂದು ಊಹಿಸಲು ದಾನೇಶ್ವರಿಗೆ ಕಷ್ಟವಾಗಲಿಲ್ಲ. ಅಂಬಿಗರೂ ಮುಚ್ಚಿಡುತ್ತಿರಲಿಲ್ಲ. ಆರು ಎಂದು ಬರೆದ ಚೀಟಿಯನ್ನು ಅವರಲ್ಲಿ ಕೆಲವರು ದೇವರ ಪಟದ ಪಕ್ಕ ಅಂಟಿಸಿಕೊಂಡಿದ್ದರು.

ಪೆಟ್ಟಿಗೆ ಬಂದ ಮೇಲಿನ ಆರನೆಯ ಜನವರಿಗೆ ಮುಂಚೆ, ಪೆಟ್ಟಿಗೆ ಕೆಲವರ ಸವೆದ ಹೆಬ್ಬೆರಳನ್ನು ಗುರುತಿಸುತ್ತಿಲ್ಲವೆಂದು ದೂರು ಬಂದಾಗ, ದಾನೇಶ್ವರಿ ಓಣಿ ಓಣಿ ತಿರುಗಿ, ಹಳೆಯ ಚೀಟಿಯ ತೂಕ ನೋಡಿಕೊಂಡು, ಬೆರಳುಗಳನ್ನು ಮತ್ತೆ ದಾಖಲಿಸಬೇಕಾಯಿತು. ಅಂಬಿಗರ ಸಾಲಿನಲ್ಲಿ ಅವಳು ಮೊದಲು ಹೋದದ್ದು ಬಾಳವ್ವನ ಮನೆಗೆ. ಬಾಳವ್ವನಿಗೆ ಐವತ್ತೈದರ ಮೇಲಾಗಿತ್ತು. ಹಗ್ಗ ಎಳೆದೆಳೆದು ಅವಳ ಹೆಬ್ಬೆರಳು ನದಿಯ ಕಲ್ಲಿನ ಹಾಗೆ ನುಣ್ಣಗಾಗಿತ್ತು. ಅಂಗಳದಲ್ಲಿ ಒಂದು ಹರಿಗೋಲು ಬೋರಲಾಗಿ ಬಿದ್ದಿತ್ತು, ಅದರ ಕೆಳಗಿನಿಂದ ಕೋಳಿಗಳ ಸದ್ದು ಬರುತ್ತಿತ್ತು.

"ಇದನ್ನ ಕೋಳಿಗೂಡು ಮಾಡೀರೇನು?" ದಾನೇಶ್ವರಿ ಕೇಳಿದಳು.

"ಮತ್ತೇನ್ ಮಾಡೂನವಾ ತಂಗಿ? ತಲಿ ಮ್ಯಾಲ ಹೊತ್ತಗೊಂಡು ಬಂಡೆಗಲ್ಲು ಇಳಿಯಾಕ ಗಂಡಸರಿಗೇ ಆಗಂಗಿಲ್ಲ. ಹೋದ ತಿಂಗಳ ನಮ್ಮ ಸೊಸಿ ಇಳಿಯಾಕ ಹೋಗಿ ಕೈ ಮುರಕೊಂಡ್ಲು." ಒಳಗೆ ಕೈಗೆ ಪ್ಲಾಸ್ಟರ್ ಹಾಕಿಕೊಂಡಿದ್ದ ಸೊಸೆ ಒಂದೇ ಕೈಯಲ್ಲಿ ರೊಟ್ಟಿ ಬಡಿಯಲು ಹೆಣಗುತ್ತಿದ್ದಳು. ಬಾಳವ್ವ ಅತ್ತ ನೋಡಿ ದನಿ ತಗ್ಗಿಸಿದಳು. "ನೀರಿಗೆ ನಮ್ಮ ಊರಾ ಕೊಟ್ಟಿವಿ. ಈಗ ನೀರಿಗೆ ಹೋಗಾಕ ನಮಗ ದಾರಿ ಇಲ್ಲ. ಇದನ್ನ ಯಾರಿಗೆ ಹೇಳೂದು?"

ಅವಳು ಗೋಳಾಡಲಿಲ್ಲ. ಹೇಳಿ ಮುಗಿಸಿ ಸೊಸೆಯ ಕೈಯಿಂದ ಹಿಟ್ಟಿನ ಪರಾತ ಎಳೆದುಕೊಂಡು ತಾನೇ ರೊಟ್ಟಿ ಬಡಿಯತೊಡಗಿದಳು. ದಾನೇಶ್ವರಿಗೂ ಒಂದು ರೊಟ್ಟಿ, ಒಣಮೀನಿನ ಚಟ್ನಿ ಕೊಟ್ಟಳು. ಮೀನು ಸಂತೆಯಿಂದ ಕೊಂಡು ತಂದದ್ದು ಎಂದು ಹೇಳುವಾಗ ಮಾತ್ರ ಅವಳ ಮುಖ ಸಣ್ಣಗಾಯಿತು.

ಆ ಸಲ ಊರಿನ ದೊಡ್ಡ ಬೇಡಿಕೆ ಎರಡನೆಯ ನೀರಿನ ಟಾಕಿ. ಬೇಸಿಗೆಯಲ್ಲಿ ನಲ್ಲಿಗೆ ಮೂರು ದಿನಕ್ಕೊಮ್ಮೆ ನೀರು ಬರುತ್ತಿತ್ತು. ಪಂಚಾಯಿತಿಯ ಹಿರಿಯ ಸದಸ್ಯ ರುದ್ರಗೌಡ ಮನೆಮನೆಗೆ ಹೋಗಿ ಹೇಳಿದ್ದ, ಬಹಳ ಜನ ಒಪ್ಪಿದ್ದರು. ದಾನೇಶ್ವರಿಯ ಗಂಡ ಕಾಡಪ್ಪನ ಹಿಟ್ಟಿನ ಗಿರಣಿ ಊರ ನಡುವೆ ಇತ್ತು. ಟಾಕಿಯ ಮಾತು ದಿನಕ್ಕೆ ಹತ್ತು ಸಲ ಅಲ್ಲಿ ಏಳುತ್ತಿತ್ತು, ಅವನೂ ಹುರುಪಿನಿಂದ ದನಿಗೂಡಿಸುತ್ತಿದ್ದ. ಮನೆಯಲ್ಲಿ ಕೊಡ, ಬಕೆಟ್ಟು, ಬಾಂಡೆಗಳಲ್ಲೆಲ್ಲ ನೀರು ತುಂಬಿಸಿಡುವ ಕಷ್ಟ ದಾನೇಶ್ವರಿಗೂ ಗೊತ್ತಿತ್ತು. ಟಾಕಿ ಬೇಡವೆನ್ನಲು ಅವಳ ಬಳಿ ಕಾರಣವೇ ಇರಲಿಲ್ಲ.

ಮತದ ದಿನ ಅವಳು ನದಾಫ್ ಸರ್‌ಗೆ ಫೋನ್ ಮಾಡಿದಳು.

"ಸರ್, ನಾನು ಮತ ಹಾಕಬಹುದೇನ್ರಿ? ಪರದಿ ಮ್ಯಾಲ ಚುಕ್ಕಿ ನೋಡೀನಿ. ಈ ಸಲ ಬಾಳ ಹತ್ರ ಬರತೈತಿ ಅನಸತೈತಿ."

"ಚುಕ್ಕಿ ಎಲ್ಲಾರಿಗೂ ಕಾಣಲಿ ಅಂತ ನಾವ ನೋಟೀಸ್ ಬೋರ್ಡಿಗೆ ಹಚ್ಚೀವಲ್ಲ. ಪೆಟಗಿ ಕಾಯಾಕಿ ನೀನು ಖರೆ. ಆ ಊರಾಕೀನೂ ಹೌದು. ಹೋಗಿ ಹಾಕು. ಯಾವುದಕ್ಕ ಅಂತ ನನಗ ಹೇಳಬ್ಯಾಡ."

ಅವಳ ತೂಕ ಮೂರು. ಹಿಂದಿನ ಎರಡು ವರ್ಷ ಗ್ರಂಥಾಲಯ ಕೇಳಿ ಸೋತಿದ್ದಳು. ಮತ ಹಾಕುವ ಜಾಗದ ಬಟ್ಟೆಯ ಪರದೆಯ ಹಿಂದೆ ನಿಂತು ಟಾಕಿಯ ಚಿತ್ರ ನೋಡಿದಳು, ಹೊಳೆದಾರಿಯ ಚಿತ್ರ ನೋಡಿದಳು. ಅವಳ ಹಿಂದೆ ಸಾಲಿನಲ್ಲಿದ್ದ ಅಜ್ಜ ಕೆಮ್ಮಿ ಅವಸರ ತೋರಿಸಿದ. ದಾನೇಶ್ವರಿ ಹೊಳೆದಾರಿಯನ್ನು ಒತ್ತಿ ಹೊರಬಂದಳು.

ಸಂಜೆ ಐದಕ್ಕೆ ಫಲಿತಾಂಶ ಪಂಚಾಯಿತಿಯ ಗೋಡೆಯ ಮೇಲೆ ಮೂಡಿತು. ಹೊಳೆದಾರಿ ಮುನ್ನೂರ ಎಂಬತ್ತೊಂದು. ನೀರಿನ ಟಾಕಿ ಮುನ್ನೂರ ಎಪ್ಪತ್ತೊಂಬತ್ತು. ಅದರ ಕೆಳಗೆ ಕಲ್ಯಾಣಮಂಟಪ, ಹೆರಿಗೆ ಕೋಣೆ.

ಅಂಬಿಗರ ಹೆಂಗಸರು ಮೊದಲು ಅರ್ಥವಾಗದೆ ನಿಂತರು. ಆಮೇಲೆ ಬಾಳವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕುಳಿತಳು. ಉಳಿದ ಊರಿನಲ್ಲಿ ಗುಲ್ಲೆದ್ದಿತು. ಟಾಕಿಗೆ ಮತ ಹಾಕಿದವರು ಮುನ್ನೂರ ಹನ್ನೆರಡು ಜನ ಎಂದೂ ಗೋಡೆಯ ಮೇಲೇ ಇತ್ತು. ಹೊಳೆದಾರಿಯ ಎದುರು ಅರವತ್ತನಾಲ್ಕು.

"ಮುನ್ನೂರ ಹನ್ನೆರಡು ಮಂದಿನ್ನ ಅರವತ್ತನಾಕು ಮಂದಿ ಸೋಲಸ್ತಾರಂದ್ರ ಇದು ಯಾವ ಶಾಸ್ತ್ರದ ಲೆಕ್ಕ?" ಎಂದು ರುದ್ರಗೌಡ ಕೂಗಿದ. ಅವನು ಕೆಟ್ಟ ಮನುಷ್ಯನಲ್ಲ. ಟಾಕಿ ಮಾಡಿಸಿಕೊಡುವೆನೆಂದು ಊರಿಗೆಲ್ಲ ಮಾತು ಕೊಟ್ಟಿದ್ದ, ಈಗ ಆ ಮಾತು ಬಿದ್ದುಹೋಗಿತ್ತು. ಅವನಿಗೆ ಲೆಕ್ಕವೂ ಚೆನ್ನಾಗಿ ಬರುತ್ತಿತ್ತು. ಬೆರಳು ಮಡಚಿ ಎಣಿಸಿ ಹೇಳಿದ, "ಅರವತ್ತಮೂರ ಆರಲೆ ಮುನ್ನೂರ ಎಪ್ಪತ್ತೆಂಟು. ಮ್ಯಾಲಿನ ಮೂರು ಎಲ್ಲಿಂದ ಬಂತು? ನಮ್ಮೊಳಗಿನವರ ಯಾರೋ ಒಬ್ಬರು, ಮೂರು ತೂಕದವರು, ಆ ಕಡೆ ಒತ್ಯಾರ. ಅವರು ಈ ಕಡೆ ಒತ್ತಿದ್ರ ಟಾಕಿ ಗೆಲ್ಲತಿತ್ತು."

ಕೋಣೆಯ ಬಾಗಿಲಲ್ಲಿ ನಿಂತಿದ್ದ ದಾನೇಶ್ವರಿ ಒಂದು ಹೆಜ್ಜೆ ಒಳಗೆ ಸರಿದಳು. ತನ್ನ ಒಂದು ಮತದಿಂದ ಏನಾದೀತು ಎಂದುಕೊಂಡಿದ್ದಳು. ಆಗಿದ್ದೇ ಅದರಿಂದ.

ಮರುದಿನ ಊರೆಲ್ಲ ಚೀಟಿಗಾಗಿ ಸಾಲು ನಿಂತಿತು. ಚೀಟಿ ಮತದ ಗುಟ್ಟನ್ನೇ ಬಿಟ್ಟುಕೊಡುತ್ತದೆ ಎಂಬುದು ದಾನೇಶ್ವರಿಗೆ ಹೊಳೆದದ್ದು ಆಗ. ಹೊಳೆದಾರಿಗೆ ಒತ್ತಿದವರ ಚೀಟಿಯಲ್ಲಿ ಮಾತ್ರ ಒಂದು ಇರುತ್ತದೆ, ಉಳಿದವರೆಲ್ಲರದ್ದೂ ಏರಿರುತ್ತದೆ. ಹಿಂದಿನ ವರ್ಷಗಳಲ್ಲಿ ಗೆದ್ದವರೇ ಹೆಚ್ಚಿದ್ದರಿಂದ ಒಂದರ ಚೀಟಿ ಊರೆಲ್ಲ ಇರುತ್ತಿತ್ತು, ಯಾರೂ ಯೋಚಿಸಿರಲಿಲ್ಲ. ಈ ಸಲ ಅಂಬಿಗರನ್ನು ಬಿಟ್ಟರೆ ಊರಿಗೆಲ್ಲ ಅಂಥದು ಒಂದೇ ಚೀಟಿ. ಅದು ಅವಳ ಚೀಲದಲ್ಲಿತ್ತು.

ಸಂಜೆ ಗಿರಣಿ ಮುಚ್ಚಿ ಬಂದ ಕಾಡಪ್ಪ ತಲೆಗೂದಲಿನ ಹಿಟ್ಟು ಕೊಡವಿಕೊಂಡು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತ. ತನ್ನ ಚೀಟಿ ತೆಗೆದು ನೆಲದ ಮೇಲಿಟ್ಟ. ಎರಡು.

"ಗಿರಣ್ಯಾಗ ಎಲ್ಲಾರೂ ಚೀಟಿ ತೋರಿಸಾಕತ್ತಿದ್ರು," ಎಂದ. "ಮೂರು ತೂಕದವರು ಯಾರು ಅಂತ ಹುಡುಕಾಕತ್ತಾರ. ನಾನು ನಗಾಕತ್ತಿದ್ದೆ. ಆಮ್ಯಾಲ ನೆನಪಾತು, ಗ್ರಂಥಾಲಯಾ ಗ್ರಂಥಾಲಯಾ ಅಂತ ನೀನು ಎರಡು ವರ್ಷ ಒದರಿದ್ದು."

ದಾನೇಶ್ವರಿ ಒಲೆಯ ಮೇಲಿನ ಸಾರು ಇಳಿಸಿದಳು. ಚೀಲದಿಂದ ತನ್ನ ಚೀಟಿ ತೆಗೆದು ಅವನದರ ಪಕ್ಕದಲ್ಲಿಟ್ಟಳು. ಕಾಡಪ್ಪ ಬಹಳ ಹೊತ್ತು ನೋಡಿದ. ಅದರಲ್ಲಿ ಓದಲು ಇದ್ದದ್ದು ಒಂದೇ ಅಂಕಿ.

"ನನಗ ಹೇಳಬೇಕಿತ್ತು."

"ಹೇಳಿದ್ರ ಬ್ಯಾಡ ಅಂತಿದ್ರಿ."

"ಅಂತಿದ್ದೆ. ಜಗಳಾ ಆಡತಿದ್ದೆ. ಆದ್ರ ಹೇಳಬೇಕಿತ್ತು." ಅವನ ದನಿಯಲ್ಲಿ ಸಿಟ್ಟಿಗಿಂತ ಬೇರೆ ಏನೋ ಇತ್ತು. "ಊರ ಮಂದಿ ಎದುರು ನಾನು ಕಣ್ಣು ಮುಚ್ಚಿಕೊಂಡು ಕೂತಂಗಾತು. ಅಲ್ಲ, ಆ ಬಂಡೆಗಲ್ಲಿಗೆ ನೀನು ಎಂದರ ಹೋಗಿಯೇನು? ನಿನಗ್ಯಾಕ ಹೊಳಿ?"

ದಾನೇಶ್ವರಿ ಬೋರಲು ಬಿದ್ದ ಹರಿಗೋಲಿನ ವಿಷಯ ಹೇಳಿದಳು, ಒಂದೇ ಕೈಯಲ್ಲಿ ರೊಟ್ಟಿ ಬಡಿಯುತ್ತಿದ್ದ ಸೊಸೆಯ ವಿಷಯ ಹೇಳಿದಳು. ಅಂಬಿಗರು ಸಂತೆಯಲ್ಲಿ ಮೀನು ಕೊಳ್ಳುತ್ತಾರೆ ಎಂದಾಗ ಕಾಡಪ್ಪ ತಲೆಯೆತ್ತಿದ. ಊಟಕ್ಕೆ ಕುಳಿತ, ಎರಡು ರೊಟ್ಟಿ ತಿನ್ನುವವನು ಒಂದಕ್ಕೇ ಎದ್ದ. ಮಲಗುವಾಗ ಎರಡೂ ಚೀಟಿಗಳನ್ನು ಮಡಚಿ ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ. ಯಾರ ಕಣ್ಣಿಗೂ ಬೀಳಬಾರದೆಂದು ಹಾಗೆ ಮಾಡಿದನೆಂದು ಅವಳಿಗೆ ತಿಳಿಯಿತು. ಮರುದಿನ ಗಿರಣಿಯಲ್ಲಿ ಯಾರೋ ಅವಳ ಚೀಟಿಯ ಬಗ್ಗೆ ಕೇಳಿದ್ದಕ್ಕೆ, "ನಮ್ಮಾಕಿ ಚೀಟಿ ಕೇಳಾಕ ನೀ ಯಾರೋ?" ಎಂದು ಗದರಿದನಂತೆ.

ವಾರದೊಳಗೆ ರುದ್ರಗೌಡ ಠರಾವು ತಂದ. ತೂಕಪೆಟ್ಟಿಗೆ ತೆಗೆದುಹಾಕಿ, ಹಳೆಯ ಹಾಗೆ ಒಬ್ಬರಿಗೆ ಒಂದೇ ಮತ ಮಾಡಬೇಕು, ಈ ವರ್ಷದ ಫಲಿತಾಂಶವನ್ನೂ ರದ್ದು ಮಾಡಬೇಕು. ಇದನ್ನು ಪೆಟ್ಟಿಗೆಯಲ್ಲಿ ತೂಗಿಸಿದರೆ ಪೆಟ್ಟಿಗೆಯೇ ತನ್ನ ಪರವಾಗಿ ತೀರ್ಪು ಕೊಟ್ಟಂತೆ, ಆದ್ದರಿಂದ ಕೈ ಎತ್ತಿಯೇ ಆಗಬೇಕು ಎಂದ. ನದಾಫ್ ಸರ್ ಧಾರವಾಡದಿಂದ ಬಸ್ಸು ಹಿಡಿದು ಬಂದರು. ದಾನೇಶ್ವರಿಯ ಕೋಣೆಯಲ್ಲಿ ಕುಳಿತು ಪರದೆ ನೋಡಿದರು.

"ಅವರು ಹೇಳೂದು ಸರಿ ಐತಿ," ಎಂದರು. "ನಿಯಮ ಇರಬೇಕೋ ಬ್ಯಾಡೋ ಅನ್ನೂದನ್ನ ಆ ನಿಯಮದ ಮ್ಯಾಲ ತೂಗಬಾರದು. ಕೈ ಎತ್ತಲಿ."

"ಕೈ ಎತ್ತಿದ್ರ ಸೋತಂಗ ಸರ್. ಆ ಮಂದಿ ಅರವತ್ತಮೂರ ಅದಾರ."

"ಸೋತ್ರ ಪೆಟಗಿ ತಗೊಂಡ್ ಹೋಗತೀನಿ," ಎಂದು ಅವರು ಸಪ್ಪಗೆ ನಕ್ಕರು. "ಚೀಟಿ ವಿಷಯದಾಗ ನಾನು ದಡ್ಡತನ ಮಾಡಿದೆ ದಾನೇಶ್ವರಿ. ಗುಟ್ಟು ಬಿಟ್ಟುಕೊಡೋ ಯಂತ್ರಾ ಮಾಡಿಟ್ಟೆ. ಉಳದ್ರ ಮೊದಲು ಅದನ್ನ ಸರಿ ಮಾಡೋಣು."

ಸಭೆ ಶಾಲೆಯ ಬಯಲಿನಲ್ಲಿ, ಮುಂಜಾನೆ ಹತ್ತಕ್ಕೆ. ಅಂಬಿಗರು ಒಂದು ಬದಿಗೆ ಗುಂಪಾಗಿ ಕುಳಿತಿದ್ದರು. ಗೆದ್ದವರ ಕಳೆ ಅವರ ಮುಖದಲ್ಲಿ ಇರಲಿಲ್ಲ. ರುದ್ರಗೌಡ ಚೆನ್ನಾಗಿಯೇ ಮಾತಾಡಿದ. ಹೊಳೆದಾರಿ ಬೇಡ ಅನ್ನುವುದಿಲ್ಲ, ಮುಂದೆ ಮಾಡೋಣ, ಆದರೆ ಹೆಚ್ಚು ಜನರ ಮಾತು ನಡೆಯದ ಊರು ಊರಲ್ಲ ಎಂದ. ಹಲವರು ತಲೆದೂಗಿದರು.

"ಪೆಟಗಿ ಬ್ಯಾಡ ಅನ್ನಾವರು ಕೈ ಎತ್ರಿ."

ಕೈಗಳು ಎದ್ದವು. ದಾನೇಶ್ವರಿ ಎಣಿಸಲಿಲ್ಲ, ಎಣಿಸುವ ಅಗತ್ಯವೂ ಕಾಣಲಿಲ್ಲ. ಬಯಲಿನ ಮುಕ್ಕಾಲು ಪಾಲು ಕೈ ಮೇಲಿತ್ತು. ಗಂಡಸರ ಸಾಲಿನಲ್ಲಿ ಕಾಡಪ್ಪನ ಕೈಯೂ ಕಂಡಿತು.

ಎಣಿಸುವವರು ಮೊದಲ ಸಾಲಿಗೆ ಬರುವಷ್ಟರಲ್ಲಿ ಗುರಸಿದ್ಧವ್ವ ಎದ್ದು ನಿಂತಳು. ಊರಿನ ಸೂಲಗಿತ್ತಿ ಅವಳು, ಅವಳ ಒಂದು ಕೈ ಇನ್ನೂ ಮೇಲೆಯೇ ಇತ್ತು.

"ಗೌಡ್ರ, ಒಂದು ಮಾತು. ನಾನು ಮೂರು ವರ್ಷದಿಂದ ಹೆರಿಗಿ ಕೋಣಿ ಕೇಳಾಕತ್ತೀನಿ. ನನ್ನ ಮತ ಈಗ ನಾಕು ತೂಗತೈತಿ. ಪೆಟಗಿ ಹೋದ್ರ ಈ ನಾಕು ಏನಾಗತೈತಿ?"

"ಒಂದಾಗತೈತಿ. ಎಲ್ಲಾರದೂ ಒಂದ."

"ಅಂದ್ರ ಮೂರು ವರ್ಷ ನಾ ಸೋತದ್ದು ಸುಮ್ಮ ಹೋತು?"

"ಹೆಚ್ಚು ಮಂದಿ ಬಂದ್ರ ಕೋಣಿ ಆಗತೈತಿ ಬಿಡಬೇ."

"ಹೆಚ್ಚು ಮಂದಿ ಎಲ್ಲಿಂದ ಬರತಾರ? ಹೆರೂದು ಎಲ್ಲಾರೂ ದಿನಾ ಹೆರತಾರೇನು?" ಎಂದು ಗುರಸಿದ್ಧವ್ವ ಕೇಳಿದಳು. ಹೆಂಗಸರ ಸಾಲಿನಲ್ಲಿ ನಗು ಎದ್ದಿತು. ಅವಳು ತನ್ನ ಎತ್ತಿದ ಕೈಯನ್ನು ಒಮ್ಮೆ ನೋಡಿಕೊಂಡಳು, ಇಳಿಸಿ ಸೆರಗಿನೊಳಗೆ ಇಟ್ಟುಕೊಂಡು ಕುಳಿತುಬಿಟ್ಟಳು.

ಪಕ್ಕದವಳ ಕೈ ಇಳಿಯಿತು. ಕಲ್ಯಾಣಮಂಟಪ ಕೇಳಿ ಎರಡು ಸಲ ಸೋತ ಹುಣಸೆ ಓಣಿಯವರು ತಮ್ಮತಮ್ಮಲ್ಲಿ ಪಿಸುಗುಟ್ಟಿ ಕೈ ಇಳಿಸಿದರು. ಆಟದ ಮೈದಾನ ಬೇಕೆಂದು ಸೋತ ಹುಡುಗರ ತಂಡ ಇಳಿಸಿತು. ಪಶು ಆಸ್ಪತ್ರೆ ಕೇಳಿದ್ದವರು ಇಳಿಸಿದರು. ಟಾಕಿಯವರೇ ಮುನ್ನೂರು ಜನ, ಅವರ ತೂಕವೂ ಈ ವಾರವಷ್ಟೇ ಏರಿತ್ತು. "ನಮ್ಮದು ಎರಡು ಆಗೇದಲ್ಲೋ, ಬರೋ ವರ್ಷ ಟಾಕಿ ಸಲೀಸ ಗೆಲ್ಲತೈತಿ, ಈಗ್ಯಾಕ ಕಳಕೊಳ್ಳೂದು?" ಎಂದು ಯಾರೋ ಗಟ್ಟಿಯಾಗಿಯೇ ಹೇಳಿದರು. ಆ ಊರಿನಲ್ಲಿ ಒಂದಲ್ಲ ಒಂದು ಸಲ ಸೋಲದ ಮನುಷ್ಯನೇ ಇರಲಿಲ್ಲ. ಹೊಳೆದಾರಿಯವರನ್ನು ಬಿಟ್ಟರೆ ಪ್ರತಿಯೊಬ್ಬರ ಜೇಬಿನಲ್ಲೂ ಸ್ವಲ್ಪ ತೂಕ ಕೂಡಿತ್ತು, ಅದನ್ನು ಬಿಟ್ಟುಕೊಡಲು ಯಾರಿಗೂ ಮನಸ್ಸು ಬರಲಿಲ್ಲ.

ಎಣಿಕೆ ಮುಗಿದಾಗ ಮೇಲೆ ಉಳಿದಿದ್ದದ್ದು ನೂರ ತೊಂಬತ್ತೇಳು ಕೈ. ಠರಾವು ಬಿದ್ದುಹೋಯಿತು. ರುದ್ರಗೌಡ ಸಂಖ್ಯೆಯನ್ನು ಎರಡು ಸಲ ಕೇಳಿ ತಿಳಿದುಕೊಂಡ. "ಆತು," ಎಂದ. ಒಂದು ಗಳಿಗೆ ಬಿಟ್ಟು, "ಮೊದಲು ಗುಡಿ ಮುಂದಿನ ಛತ್ತು ಕೇಳಿ ಸೋತೆ, ಈಗ ಟಾಕಿ. ನನಗೂ ಮೂರು ಕೂಡೈತಿ, ಸುಳ್ಳ ಯಾಕ ಹೇಳಲಿ," ಎಂದು ತಾನೇ ನಕ್ಕುಬಿಟ್ಟ. ಬಯಲೆಲ್ಲ ನಕ್ಕಿತು. ನದಾಫ್ ಸರ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಬಹಳ ಹೊತ್ತು ಒರೆಸುತ್ತಲೇ ಇದ್ದರು.

ಮನೆಗೆ ಹೋಗುವಾಗ ದಾನೇಶ್ವರಿ ಕೇಳಿದಳು, "ನೀವು ಕೈ ಎತ್ತಿದ್ರಿ. ಆಮ್ಯಾಲ ಇಳಿಸಿದ್ರಿ. ಯಾಕ?"

"ಕೈ ನೋಯಾಕತ್ತಿತ್ತು," ಎಂದ ಕಾಡಪ್ಪ. ಅವಳು ನಕ್ಕಳು. ವಾರದಲ್ಲಿ ಮೊದಲ ಸಲ ಅವನೂ ನಕ್ಕ.

ಚೀಟಿಯ ದೋಷವನ್ನು ಅವರು ಸರಿಪಡಿಸಿದರು. ಕಾಗದ ನಿಂತಿತು. ಈಗ ತೂಕ ಕಾಣುವುದು ಮತ ಹಾಕುವ ಹೊತ್ತಿಗೆ, ಗಾಜಿನ ಮೇಲೆ, ಬೆರಳಿಟ್ಟವರ ಕಣ್ಣಿಗೆ ಮಾತ್ರ, ನಾಲ್ಕು ಸೆಕೆಂಡು. ಎರಡು ದಿನ ಕೆಲವರು ಚೀಟಿ ಬೇಕೆಂದು ಗೊಣಗಿ ಸುಮ್ಮನಾದರು.

ಹೊಳೆದಾರಿ ಮೇ ತಿಂಗಳಲ್ಲಿ ಮುಗಿಯಿತು. ಬಂಡೆಗಳ ನಡುವೆ ಗಾಡಿ ಹೋಗುವಷ್ಟು ಅಗಲದ ಇಳಿಜಾರು, ಕೊನೆಗೆ ನೀರಿನೊಳಕ್ಕೆ ಇಳಿಯುವ ಹದಿನೆಂಟು ಮೆಟ್ಟಿಲು. ಮೊದಲ ದಿನ ಬಾಳವ್ವನ ಸೊಸೆ, ಕೂಡಿದ ಕೈಯಲ್ಲಿ, ಹರಿಗೋಲನ್ನು ನೀರಿಗೆ ತಳ್ಳಿದಳು. ಅದು ಒಂದು ಸುತ್ತು ತಿರುಗಿ ಬಾಳವ್ವನ ಹುಟ್ಟಿಗೆ ಸಿಕ್ಕು ನೆಟ್ಟಗಾಯಿತು. ದಡದ ಮೇಲೆ ಕುಳಿತಿದ್ದ ಹೆಂಗಸರು ಹಾಡು ಶುರು ಮಾಡಿದರು. ಆಚೆ ದಡದ ಊರುಗಳಿಗೆ ರಸ್ತೆಯಲ್ಲಿ ನಲವತ್ತು ಕಿಲೋಮೀಟರ್ ಸುತ್ತಬೇಕಿತ್ತು, ಹರಿಗೋಲಿನಲ್ಲಿ ಅರ್ಧ ತಾಸು. ಜೂನ್ ಹೊತ್ತಿಗೆ ಆಚೆಯವರು ಜೋಳದ ಚೀಲ ಹರಿಗೋಲಿನಲ್ಲಿಟ್ಟುಕೊಂಡು ಕಾಡಪ್ಪನ ಗಿರಣಿಗೆ ಬರತೊಡಗಿದರು. ಒಂದು ಸಂಜೆ ಅವನು ಬಾಳೆಲೆಯಲ್ಲಿ ಸುತ್ತಿದ ಮೀನು ತಂದು ಅಡುಗೆಮನೆಯಲ್ಲಿಟ್ಟು, "ಬಾಳವ್ವ ಕೊಟ್ಲು, ಹೊಳೀದು," ಎಂದಷ್ಟೇ ಹೇಳಿದ.

ಮುಂದಿನ ಜನವರಿಯಲ್ಲಿ ಮತ್ತೆ ಸಾಲು. ಎಳೆಬಿಸಿಲಿಗೆ ಬೆನ್ನು ಕೊಟ್ಟು ಜನ ಹರಟುತ್ತ ನಿಂತಿದ್ದರು. ಬಾಳವ್ವ ಒಳಗೆ ಹೋಗಿ ಬಂದಳು. "ಹಗುರಾಗೇನಿ ತಂಗಿ, ಒಂದ ಅಂತ ತೋರಸ್ತು," ಎಂದು ದಾನೇಶ್ವರಿಯ ಕೆನ್ನೆ ತಟ್ಟಿ, ಮೀನಿನ ಬುಟ್ಟಿ ಎತ್ತಿಕೊಂಡು ಸಂತೆಯ ಕಡೆಗೆ ಹೊರಟಳು.

ಕಾಡಪ್ಪ, ದಾನೇಶ್ವರಿ ಒಬ್ಬರ ಹಿಂದೆ ಒಬ್ಬರು ನಿಂತಿದ್ದರು. ಅವಳು ಅವನ ಕಿವಿಯ ಹತ್ತಿರ ಬಾಗಿದಳು.

"ಈ ಸಲ ಮೊದಲ ಹೇಳತೀನಿ. ನಾನು..."

"ಬ್ಯಾಡ, ಬ್ಯಾಡ," ಎಂದು ಅವನು ಹಿಂದೆ ಸರಿದ. "ಹೇಳಿದ್ರ ನಾನೂ ಅದನ್ನ ಒತ್ತತೀನಿ. ಹಾಕಿ ಬಾ. ಸಂಜಿಕ ಹೇಳುವಂತಿ, ಕೂತು ಜಗಳಾ ಆಡೋಣು."

ಅವಳ ಸರದಿ ಬಂತು. ಅವನು ಅವಳ ಕೈಚೀಲ ಹಿಡಿದುಕೊಂಡು, ಪರದೆಯ ಕಡೆಗೆ ಬೆನ್ನು ತಿರುಗಿಸಿ ನಿಂತ.